ಕಾಲು ತೋರಿಸದೆ ಚಪ್ಪಲಿ ಕೇಳುವವರು

ಅದು 2018ರ ರಂಜಾನ್. ಮೇ ತಿಂಗಳ ನಡುವೆ ಶುರುವಾಗಿ ಜೂನ್ ನಡುವೆ ಈದ್ ಬಂದ ವರ್ಷ. ಸೆಹ್ರಿಯ ಕೊನೆಯ ಗುಟುಕಿನಿಂದ ಇಫ್ತಾರಿನ ಖರ್ಜೂರದವರೆಗೆ ಹದಿನಾಲ್ಕು ತಾಸು. ಅರಸೀಕೆರೆಯಲ್ಲಿರುವ ನಮ್ಮ ಖಾಲಾ, ಅಂದರೆ ತಾಯಿಯ ತಂಗಿ, ಅಸರ್ ನಮಾಜಿಗೆ ವುಜೂ ಮಾಡಲೆಂದು ಎದ್ದವರು ಹಾಗೆಯೇ ಗೋಡೆ ಹಿಡಿದು ಕುಸಿದು ಕೂತರು. ಮೈಯೆಲ್ಲ ತಣ್ಣನೆಯ ಬೆವರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಸೊಸೆ ಗಾಬರಿಯಿಂದ ಒಂದು ಲೋಟ ಸಕ್ಕರೆ ನೀರು ತಂದಳು. ಖಾಲಾ ಲೋಟವನ್ನು ಪಕ್ಕಕ್ಕೆ ತಳ್ಳಿದರು. ಒಂದು, ರೋಜಾ ಮುರಿಯುತ್ತದೆ. ಎರಡು, ಸಕ್ಕರೆ ಕಾಯಿಲೆಯವರು ಸಕ್ಕರೆಯ ಕಡೆ ತಿರುಗಿಯೂ ನೋಡಬಾರದೆಂದು ಡಾಕ್ಟರು ಹೇಳಿದ್ದಾರೆ.

ಎರಡೂ ಒಳ್ಳೆಯ ಮಾತುಗಳೇ. ಹೇಳಿದವರೂ ತಿಳಿದವರೇ. ಆದರೆ ಅಂದು ಆ ಎರಡು ಒಳ್ಳೆಯ ಮಾತುಗಳು ಒಟ್ಟಿಗೆ ಸೇರಿ ಒಬ್ಬ ಮುದುಕಿಯ ಪ್ರಾಣದ ಮೇಲೆ ಕೂತಿದ್ದವು. ನಾವೂ ಅಲ್ಲೇ ನಿಂತಿದ್ದೆವು. ಉರ್ದುವಿನಲ್ಲೂ ಕನ್ನಡದಲ್ಲೂ ಓದಿದವರೆಂಬ ನಮ್ಮ ಹೆಮ್ಮೆ ಆ ಹೊತ್ತಿಗೆ ಕಾಸಿನ ಉಪಯೋಗಕ್ಕೂ ಬರಲಿಲ್ಲ. ಖಾಲಾ ಹೇಳುವುದೂ ಸರಿಯಲ್ಲವೇ ಎಂದೇ ನಮಗೂ ಅನ್ನಿಸಿತು.

ಪಕ್ಕದ ಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ. ಅವರಿಗೂ ಹಲವು ವರ್ಷಗಳಿಂದ ಇದೇ ಕಾಯಿಲೆ. ಗದ್ದಲ ಕೇಳಿ ಬಂದವರು ಖಾಲಾರ ಹಣೆ ಮುಟ್ಟಿ ನೋಡಿ, "ಇದು ಸಕ್ಕರೆ ಏರಿರೋದಲ್ಲ, ಇಳಿದಿರೋದು. ಅಕ್ಕಾ, ಮೊದಲು ಇದನ್ನ ಕುಡೀರಿ. ದೇವರ ಹತ್ತಿರ ನಾನು ಜವಾಬ್ದಾರಿ" ಎಂದು ಲೋಟವನ್ನು ಬಾಯಿಗಿಟ್ಟರು. ಆಮೇಲೆ ತಮ್ಮ ಮನೆಯಿಂದ ಪುಟ್ಟ ಯಂತ್ರ ತರಿಸಿ ಬೆರಳು ಚುಚ್ಚಿ ನೋಡಿದರು. 48 ಎಂದು ತೋರಿಸಿತು. ಕುಡಿಸಿದ ಮೇಲಿನ ಸಂಖ್ಯೆ ಅದು. ಕಾಲು ಗಂಟೆ ಕಳೆಯುವಷ್ಟರಲ್ಲಿ ಖಾಲಾ ನಮ್ಮನ್ನು ಗುರುತಿಸಿ, ನೀನು ಯಾವಾಗ ಬಂದೆ ಎಂದು ಕೇಳಿದರು. ನಾವು ಬೆಳಿಗ್ಗೆಯೇ ಬಂದಿದ್ದೆವು.

ನಡೆದದ್ದೇನೆಂದು ಆಮೇಲೆ ತಿಳಿಯಿತು. ಅವರಿಗೆ ಕೊಟ್ಟಿದ್ದ ಗುಳಿಗೆಯ ಚೀಟಿಯಲ್ಲಿ "ಬೆಳಿಗ್ಗೆ, ಊಟಕ್ಕೆ ಮುಂಚೆ" ಎಂದಿತ್ತು. ಖಾಲಾ ಎಂದೂ ತಪ್ಪಿಸಿದವರಲ್ಲ. ರಂಜಾನ್ ಬಂದಾಗ ಸೆಹ್ರಿಯೇ ಬೆಳಗಿನ ಊಟವಲ್ಲವೇ ಎಂದು ಆ ಹೊತ್ತಿಗೆ ನುಂಗಿದರು. ಆ ಜಾತಿಯ ಗುಳಿಗೆ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ. ಬೇರೆ ದಿನಗಳಲ್ಲಿ ಗುಳಿಗೆಯ ಬೆನ್ನಿಗೇ ತಿಂಡಿ, ಮಧ್ಯಾಹ್ನ ಊಟ, ಸಂಜೆ ಚಹಾದ ಜೊತೆ ಎರಡು ಬಿಸ್ಕತ್ತು. "ಊಟಕ್ಕೆ ಮುಂಚೆ" ಎಂಬ ಎರಡು ಪದಗಳ ಹಿಂದೆ ಇಷ್ಟೆಲ್ಲ ಊಟಗಳಿದ್ದವು. ರೋಜಾದ ದಿನ ಗುಳಿಗೆ ತನ್ನ ಕೆಲಸ ಮಾಡುತ್ತಲೇ ಇತ್ತು, ಊಟ ಮಾತ್ರ ಬರಲಿಲ್ಲ. ಮೆಟ್‌ಫಾರ್ಮಿನ್‌ನಂಥ ಗುಳಿಗೆ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಪಾತಾಳಕ್ಕಿಳಿಯುವುದು ಅಪರೂಪ. ನೋಡುವುದಕ್ಕೆ ಗುಳಿಗೆಗಳೆಲ್ಲ ಒಂದೇ. ವ್ಯತ್ಯಾಸ ಇರುವುದು ಅವು ಏನು ಮಾಡುತ್ತವೆ ಎಂಬಲ್ಲಿ. ಅದನ್ನು ನಾವು ಯಾರೂ ಕೇಳಿರಲಿಲ್ಲ.

ಈದ್ ಕಳೆದ ಮೇಲೆ ಖಾಲಾರನ್ನು ಕರೆದುಕೊಂಡು ಆ ವೈದ್ಯರ ಬಳಿ ಹೋದೆವು. ಒಂದಿಷ್ಟು ಕೋಪ ಇಟ್ಟುಕೊಂಡೇ ಹೋದೆವು ಎನ್ನಬೇಕು. ಎಲ್ಲ ಕೇಳಿದ ವೈದ್ಯರು ಖಾಲಾರ ಕಡೆ ತಿರುಗಿ, "ರೋಜಾ ಹಿಡೀತೀನಿ ಅಂತ ನೀವು ನನಗೆ ಹೇಳಲೇ ಇಲ್ಲವಲ್ಲಮ್ಮಾ?" ಎಂದರು. ಖಾಲಾ ಸೆರಗು ಸರಿಪಡಿಸಿಕೊಳ್ಳುತ್ತ ನೆಲ ನೋಡಿದರು. ಹೊರಗೆ ಬಂದ ಮೇಲೆ ನಮಗೆ ಹೇಳಿದ್ದು: "ಹೇಳಿದ್ದರೆ ಬೇಡ ಅಂದುಬಿಡುತ್ತಿದ್ದರು. ಅದಕ್ಕೇ ಹೇಳಲಿಲ್ಲ."

ಈ ಒಂದು ಮಾತು ನಮ್ಮನ್ನು ಬಹಳ ದಿನ ಕಾಡಿತು. ಕಾರಣ ಹೇಳದೆ ಔಷಧ ಬರೆದವರ ಮೇಲೆ ತಪ್ಪು ಹೊರಿಸಲು ಹೋಗಿದ್ದೆವು. ಆದರೆ ಅಲ್ಲಿ ಮುಚ್ಚಿಟ್ಟವರು ಇಬ್ಬರು. ಒಬ್ಬರು ಕಾರಣವನ್ನು ಬಿಚ್ಚಿ ಹೇಳಲಿಲ್ಲ, ಇನ್ನೊಬ್ಬರು ತಮ್ಮ ಸ್ಥಿತಿಯನ್ನು ಬಿಚ್ಚಿ ಹೇಳಲಿಲ್ಲ. ಇಬ್ಬರಿಗೂ ಬೇಕಿದ್ದದ್ದು ಬೇಗ ಮುಗಿಯುವ ಒಂದು ಮಾತು.

ಸುತ್ತ ನೋಡಿದರೆ ನಾವೆಲ್ಲ ಇದೇ ವ್ಯಾಪಾರದಲ್ಲಿದ್ದೇವೆ. ಆಸ್ಪತ್ರೆಗೆ ಹೋದರೆ, "ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ." ಮೌಲ್ವಿಗಳ ಹತ್ತಿರ ಹೋದರೆ, "ಹಝ್ರತ್, ವಿವರ ಬೇಡ, ಜಾಯಿಜಾ ನಾಜಾಯಿಜಾ ಅಷ್ಟು ಹೇಳಿ." ಮಗ ಓದುತ್ತಿಲ್ಲವೆಂದರೆ ಒಂದು ತಾವೀಜು. ಸೊಸೆ ಅತ್ತೆಗೆ ಆಗುತ್ತಿಲ್ಲವೆಂದರೆ ಊದಿದ ನೀರು. ಹಿಂದೆ ಫತ್ವಾ ಕೇಳುವುದಕ್ಕೂ ಒಂದು ಕ್ರಮವಿತ್ತು. ಕೇಳುವವನು "ಕ್ಯಾ ಫರ್ಮಾತೆ ಹೈಂ ಉಲಮಾಯೆ ದೀನ್" ಎಂದು ಶುರುಮಾಡಿ ತನ್ನ ಮನೆ, ಹೊಲ, ಸಾಲ, ಜಗಳ ಎಲ್ಲವನ್ನೂ ಕಾಗದದಲ್ಲಿ ತೋಡಿಕೊಳ್ಳುತ್ತಿದ್ದ. ಮುಫ್ತಿಗಳು ಅದನ್ನು ಓದಿ ಉತ್ತರ ಬರೆದು ಕೊನೆಯಲ್ಲಿ "ವಲ್ಲಾಹು ಅಅಲಮ್", ದೇವನೇ ಹೆಚ್ಚು ಬಲ್ಲವನು ಎಂದು ಮುಗಿಸುತ್ತಿದ್ದರು. ಈಗ ವಾಟ್ಸಾಪಿನಲ್ಲಿ ಅರ್ಧ ಸಾಲಿನ ಪ್ರಶ್ನೆ ಹೋಗುತ್ತದೆ, ಒಂದು ಪದದ ಉತ್ತರ ಬರುತ್ತದೆ. ಆ ಒಂದು ಪದವನ್ನು ಮುನ್ನೂರು ಜನರಿಗೆ ಕಳಿಸುತ್ತೇವೆ. ಯಾರ ಯಾವ ಪರಿಸ್ಥಿತಿಗೆ ಅದು ಹೇಳಿದ್ದೆಂಬುದು ದಾರಿಯಲ್ಲೇ ಎಲ್ಲೋ ಉದುರಿಹೋಗಿರುತ್ತದೆ.

ಹನ್ನೆರಡನೆಯ ಶತಮಾನದ ಇಬ್ನ್ ರುಶ್ದ್ ಇದನ್ನು ಬಹಳ ಚೆನ್ನಾಗಿ ಕಂಡುಕೊಂಡಿದ್ದರು. 1126ರಲ್ಲಿ ಸ್ಪೇನಿನ ಕುರ್ತುಬಾದಲ್ಲಿ, ಇಂದಿನ ಕೊರ್ಡೋಬಾದಲ್ಲಿ, ಹುಟ್ಟಿದ ಇವರನ್ನು ಜಗತ್ತು ಅರಿಸ್ಟಾಟಲನ ವ್ಯಾಖ್ಯಾನಕಾರನೆಂದು ಬಲ್ಲದು. ಆದರೆ ಅವರ ಹೊಟ್ಟೆಪಾಡಿನ ಕಸುಬು ನ್ಯಾಯ ಹೇಳುವುದು. 1169ರಲ್ಲಿ ಸೆವಿಲ್ಲೆಯ ಖಾಝಿಯಾಗಿದ್ದರು, ನಂತರ ಹುಟ್ಟೂರಿನಲ್ಲೇ. ಜೊತೆಗೆ ವೈದ್ಯರೂ ಹೌದು. 'ಬಿದಾಯತುಲ್ ಮುಜ್ತಹಿದ್' ಎಂಬ ಅವರ ಗ್ರಂಥ ಫಿಕ್ಹ್ ಅಥವಾ ಧರ್ಮಶಾಸ್ತ್ರದ ಪುಸ್ತಕಗಳಲ್ಲೇ ಬೇರೆ ರೀತಿಯದು. ಇಮಾಮರು ಏನು ಹೇಳಿದರು ಎನ್ನುವುದಷ್ಟಕ್ಕೇ ಅದು ನಿಲ್ಲುವುದಿಲ್ಲ. ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಏಕೆ ಹೇಳಿದರು, ಭಿನ್ನಾಭಿಪ್ರಾಯದ ಬೇರು ಎಲ್ಲಿದೆ ಎಂದು ಪ್ರತಿಯೊಂದು ವಿಷಯದಲ್ಲೂ ಅಗೆಯುತ್ತದೆ.

ಆ ಗ್ರಂಥದಲ್ಲಿ ಚಿನ್ನ ಬೆಳ್ಳಿಯ ವಿನಿಮಯದ ಕುರಿತು ಬರೆಯುತ್ತಿರುವಾಗ ಅವರು ಒಮ್ಮೆ ಮಾತು ನಿಲ್ಲಿಸಿ ಒಂದು ಹೋಲಿಕೆ ಕೊಡುತ್ತಾರೆ. ತಮ್ಮ ಕಾಲದ ಶಾಸ್ತ್ರಿಗಳು ಹೆಚ್ಚು ಮಸಲೆಗಳನ್ನು ಬಾಯಿಪಾಠ ಮಾಡಿದವನೇ ದೊಡ್ಡ ವಿದ್ವಾಂಸನೆಂದು ತಿಳಿದಿದ್ದಾರೆ. ಇದು, ಬಹಳ ಪಾದರಕ್ಷೆಗಳನ್ನು ಇಟ್ಟುಕೊಂಡವನೇ ಒಳ್ಳೆಯ ಮೋಚಿ ಎಂದು ತಿಳಿದಂತೆ, ಎನ್ನುತ್ತಾರೆ. ಅಂಗಡಿ ತುಂಬ ಜೋಡುಗಳಿದ್ದರೂ ಒಂದು ದಿನ ಯಾವ ಜೋಡೂ ಹಿಡಿಯದ ಕಾಲಿನ ಗಿರಾಕಿ ಬಂದೇ ಬರುತ್ತಾನೆ. ಆಗ ಅಂಗಡಿಯವನು ಹೊಲಿಯಬಲ್ಲವನ ಹತ್ತಿರವೇ ಓಡಬೇಕಾಗುತ್ತದೆ.

ನಮ್ಮ ಖಾಲಾರ ಮನೆಯಲ್ಲಿ ಅಂದು ಆದದ್ದು ಇದೇ. ನಮ್ಮೆಲ್ಲರ ತಲೆಯಲ್ಲೂ ಸಿದ್ಧ ಜೋಡುಗಳಿದ್ದವು. ಸಕ್ಕರೆ ಕಾಯಿಲೆಗೆ ಸಕ್ಕರೆ ಬೇಡ ಎಂಬುದು ಒಂದು, ರೋಜಾದಲ್ಲಿ ನೀರು ಬೇಡ ಎಂಬುದು ಇನ್ನೊಂದು. ಹೊಲಿಯುವುದು ಗೊತ್ತಿದ್ದವರು ಆ ನಿವೃತ್ತ ಶಿಕ್ಷಕಿ ಒಬ್ಬರೇ. ಸಕ್ಕರೆಯನ್ನು ಏಕೆ ಬೇಡವೆನ್ನುತ್ತಾರೆಂದು ತಿಳಿದವರಿಗೆ ಮಾತ್ರ ಅದು ಯಾವಾಗ ಬೇಕೇಬೇಕು ಎಂದೂ ತಿಳಿಯುತ್ತದೆ.

ಇಬ್ನ್ ರುಶ್ದ್ ವೈದ್ಯಶಾಸ್ತ್ರದ ಮೇಲೆ ಬರೆದ ಪುಸ್ತಕದ ಹೆಸರೂ 'ಕುಲ್ಲಿಯಾತ್', ಅಂದರೆ ಮೂಲತತ್ವಗಳು. ಒಂದೊಂದು ರೋಗಕ್ಕೂ ಚಿಕಿತ್ಸೆಯ ವಿವರಗಳನ್ನು ಬರೆಯುವ ಕೆಲಸವನ್ನು ಅವರು ತಮ್ಮ ಸಮಕಾಲೀನ ವೈದ್ಯ ಇಬ್ನ್ ಝುಹ್ರ್ ಅವರಿಗೆ ಬಿಟ್ಟರು. ನ್ಯಾಯಪೀಠದಲ್ಲಾಗಲಿ ರೋಗಿಯ ಮುಂದಾಗಲಿ ಅವರ ಮನಸ್ಸು ಹುಡುಕಿದ್ದು ಒಂದನ್ನೇ.

ಕಾರಣ ಕೇಳುವುದು ಅಧಿಕಪ್ರಸಂಗ ಎಂಬ ಭಾವನೆ ನಮ್ಮ ಸಮಾಜದಲ್ಲಿ ಹೇಗೋ ಬೇರೂರಿದೆ. ಹಿರಿಯರೆದುರು "ಯಾಕೆ" ಎಂದರೆ ಬೇಅದಬಿ. ಪ್ರವಾದಿವರ್ಯರ(ಸ) ಜೀವನ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಹಝ್ರತ್ ಉಮರ್(ರ) ಒಮ್ಮೆ ಕಳವಳದಿಂದ ಬಂದು, ಉಪವಾಸದಲ್ಲಿರುವಾಗ ಪತ್ನಿಯನ್ನು ಚುಂಬಿಸಿಬಿಟ್ಟೆ, ದೊಡ್ಡ ತಪ್ಪಾಯಿತು ಎಂದರು. ಪರವಾಗಿಲ್ಲ ಹೋಗು ಎಂದಿದ್ದರೆ ಉಮರರ ಆ ದಿನದ ಚಿಂತೆ ಕಳೆಯುತ್ತಿತ್ತು. ಪ್ರವಾದಿಯವರು ಮರುಪ್ರಶ್ನೆ ಹಾಕಿದರು: ಉಪವಾಸದಲ್ಲಿ ನೀರಿನಿಂದ ಬಾಯಿ ಮುಕ್ಕಳಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ ಎಂದರು ಉಮರ್. ಮತ್ತೆ ಇದಕ್ಕೇಕೆ ಚಿಂತೆ ಎಂದರು ಪ್ರವಾದಿ. ಬಾಯಿಗೆ ನೀರು ಬಂದದ್ದು ಬೇರೆ, ಕುಡಿದದ್ದು ಬೇರೆ. ಉಮರರ ಕೈಗೆ ಅಂದು ಸಿಕ್ಕದ್ದು ಒಂದು ತಕ್ಕಡಿ. ಮುಂದೆ ಎಷ್ಟೋ ಸಂದೇಹಗಳನ್ನು ಅವರೇ ತೂಗಿಕೊಳ್ಳಬಹುದಿತ್ತು.

ಹಾಗೆಯೇ ಒಣ ಖರ್ಜೂರಕ್ಕೆ ಹಸಿ ಖರ್ಜೂರವನ್ನು ಬದಲಿಗೆ ಕೊಡಬಹುದೇ ಎಂದು ಕೇಳಿದಾಗ, ಹಸಿಯದು ಒಣಗಿದರೆ ತೂಕ ಕಡಿಮೆಯಾಗುತ್ತದೆಯೇ ಎಂದು ವಿಚಾರಿಸಿದರು. ಹೌದು ಎಂದ ಮೇಲೆ, ಹಾಗಾದರೆ ಬೇಡ ಎಂದರು. ಮದೀನಾದಲ್ಲಿ ಬಾಳಿದವರಿಗೆ ಹಸಿ ಖರ್ಜೂರ ಒಣಗಿದರೆ ಕುಗ್ಗುವುದು ತಿಳಿಯದೇ? ಆ ಪ್ರಶ್ನೆ ಕೇಳುವವರ ತಿಳಿವಳಿಕೆಗಾಗಿ. ಹದಿನಾಲ್ಕನೆಯ ಶತಮಾನದ ದಮಾಸ್ಕಸ್ಸಿನ ಇಬ್ನುಲ್ ಖಯ್ಯಿಮ್, ಮುಫ್ತಿಯಾದವನು ಸಾಧ್ಯವಾದಷ್ಟು ಮಟ್ಟಿಗೆ ತೀರ್ಪಿನ ಆಧಾರವನ್ನೂ ಕಾರಣವನ್ನೂ ಹೇಳಬೇಕು ಎಂದು ವಾದಿಸಿದಾಗ ಮುಂದಿಟ್ಟದ್ದು ಇಂಥ ಉದಾಹರಣೆಗಳನ್ನೇ.

ಇನ್ನೊಂದು ಘಟನೆ ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿದೆ. ಪ್ರಯಾಣದಲ್ಲಿ ಒಬ್ಬನಿಗೆ ಕಲ್ಲು ಬಡಿದು ತಲೆ ಒಡೆಯಿತು. ಆ ರಾತ್ರಿ ಅವನಿಗೆ ಸ್ನಾನ ಕಡ್ಡಾಯವಾಯಿತು. ನೀರಿಲ್ಲದೆ ಮಣ್ಣಿನಿಂದ ಶುದ್ಧಿ ಮಾಡಿಕೊಳ್ಳುವ ತಯಮ್ಮುಮ್ ನನಗೆ ಸಾಕಾಗುವುದೇ ಎಂದು ಸಂಗಡಿಗರನ್ನು ಕೇಳಿದ. ನೀರು ಇದೆಯಲ್ಲ, ನಿನಗೆ ರಿಯಾಯಿತಿ ಇಲ್ಲ ಎಂದರು ಅವರು. ಅವನು ಸ್ನಾನ ಮಾಡಿದ, ಸತ್ತ. ಸುದ್ದಿ ತಿಳಿದ ಪ್ರವಾದಿಯವರು ಕಡುಕೋಪದಿಂದ, ಅವನನ್ನು ಕೊಂದವರು ಅವರೇ ಎಂದರು; ತಿಳಿಯದಿದ್ದಾಗ ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಕೇಳುವುದೇ ಎಂದರು. ಆ ಸಂಗಡಿಗರು ಸುಳ್ಳು ಹೇಳಿದವರಲ್ಲ. ನೀರು ಇದ್ದರೆ ತಯಮ್ಮುಮ್ ಇಲ್ಲ ಎಂಬ ನಿಯಮ ಅವರಿಗೆ ಗೊತ್ತಿತ್ತು. ಆ ನಿಯಮ ಯಾತಕ್ಕೆಂಬುದು ಗೊತ್ತಿರಲಿಲ್ಲ. ಅಸರ್ ಹೊತ್ತಿನಲ್ಲಿ ಖಾಲಾರ ಮುಂದೆ ಸುಮ್ಮನೆ ನಿಂತಿದ್ದ ನಮಗೂ ಅವರಿಗೂ ಏನು ವ್ಯತ್ಯಾಸ ಎಂದು ನಾವು ಎಷ್ಟೋ ಸಲ ಕೇಳಿಕೊಂಡಿದ್ದೇವೆ. ರೋಗಿಗೂ ಪ್ರಯಾಣಿಕನಿಗೂ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ಅವಕಾಶವನ್ನು ಕುರ್‌ಆನ್ ಕೊಟ್ಟಿದೆ. ದೇವನ ಇಚ್ಛೆ ನಿಮಗೆ ಸುಲಭ ಮಾಡುವುದೇ ಹೊರತು ಕಷ್ಟಕ್ಕೆ ದೂಡುವುದಲ್ಲ ಎಂಬ ಕಾರಣವನ್ನೂ ಅಲ್ಲೇ ಹೇಳಿದೆ. ಪ್ರತಿ ರಂಜಾನಿನಲ್ಲೂ ಆ ಸೂರಾ ಓದುತ್ತೇವೆ.

ಇಲ್ಲಿ ಕೆಲವರು ಮೂಸಾ ಮತ್ತು ಖಿಝ್ರ್ ಅವರ ಕತೆ ನೆನಪಿಸುತ್ತಾರೆ. ನಾನಾಗಿ ಹೇಳುವವರೆಗೆ ಏನನ್ನೂ ಕೇಳಬೇಡ ಎಂದು ಖಿಝ್ರ್ ಮೊದಲೇ ಷರತ್ತು ಹಾಕಿದ್ದರು. ದೋಣಿಗೆ ತೂತು ಮಾಡಿದಾಗ, ಬಾಲಕನ ಪ್ರಾಣ ತೆಗೆದಾಗ, ಅನ್ನ ಕೊಡದ ಊರಿನ ಗೋಡೆಯನ್ನು ಪುಕ್ಕಟೆ ಕಟ್ಟಿಕೊಟ್ಟಾಗ ಮೂಸಾ ತಡೆಯಲಾರದೆ ಬಾಯಿಬಿಟ್ಟರು, ಜೊತೆ ತಪ್ಪಿತು. ಆದ್ದರಿಂದ ಬಾಯಿಮುಚ್ಚಿಕೊಂಡು ಅನುಸರಿಸಿ ಎಂಬುದು ಇವರ ಪಾಠ. ನಮಗೆ ಈ ಓದು ಅರ್ಧದ್ದು ಅನ್ನಿಸುತ್ತದೆ. ಬೇರೆಯಾಗುವ ಮುನ್ನ ಖಿಝ್ರ್ ಮೂರಕ್ಕೂ ಒಂದೊಂದಾಗಿ ಕಾರಣ ಹೇಳಿಯೇ ಹೋದರು. ಅಲ್ಲಿದ್ದದ್ದು ತಾಳ್ಮೆಯ ಪರೀಕ್ಷೆ. ಕಾರಣ ತಡವಾಯಿತೇ ಹೊರತು ಇಲ್ಲವಾಗಲಿಲ್ಲ. ಖಿಝ್ರ್ ಅವರಿಗಿದ್ದದ್ದು ದೇವನೇ ಕೊಟ್ಟ ಜ್ಞಾನ ಬೇರೆ. ನಮಗೆ ಉಪದೇಶ ಮಾಡುವ ಚಿಕ್ಕಪ್ಪನಿಗೋ ಮೇಷ್ಟರಿಗೋ ಆ ಬಿರುದು ಎಲ್ಲಿಂದ ಬರಬೇಕು?

ಬನೀ ಇಸ್ರಾಈಲರ ಹಸುವಿನ ಪ್ರಸಂಗವನ್ನೂ ಮುಂದಿಡುತ್ತಾರೆ. ಒಂದು ಹಸುವನ್ನು ಬಲಿ ಕೊಡಿ ಎಂದರೆ ಎಂಥದು, ಬಣ್ಣ ಯಾವುದು, ಇನ್ನೂ ಬಿಡಿಸಿ ಹೇಳಿ ಎಂದು ಕೇಳಿ ಕೇಳಿ ತಮಗೆ ತಾವೇ ಕಷ್ಟ ತಂದುಕೊಂಡವರು ಅವರು. ನಿಜ. ಆದರೆ ಆ ಪ್ರಶ್ನೆಗಳಲ್ಲಿ "ಏಕೆ" ಎಂಬುದು ಒಂದೂ ಇಲ್ಲ. ಅವು ಕೆಲಸವನ್ನು ಮುಂದೂಡುವವನ ಪ್ರಶ್ನೆಗಳು.

ಕಾರಣ ತಿಳಿದುಕೊಂಡರೆ ಜನ ಅದನ್ನೇ ಹಿಡಿದು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ ಎಂಬ ಆಕ್ಷೇಪವನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಪ್ರಯಾಣದಲ್ಲಿ ನಾಲ್ಕು ರಕಅತ್‌ನ ನಮಾಜನ್ನು ಎರಡಕ್ಕೆ ಇಳಿಸುವ ಅನುಮತಿಯಿದೆ. ಪ್ರಯಾಣದ ದಣಿವಿಗಾಗಿ ಅದು ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಹವಾನಿಯಂತ್ರಿತ ರೈಲಿನಲ್ಲಿ ಮಲಗಿ ಹೋಗುವವನಿಗೆ ಏಕೆ ಈ ರಿಯಾಯಿತಿ, ದಿನವಿಡೀ ಊರಲ್ಲೇ ಮೂಟೆ ಹೊರುವ ಹಮಾಲಿಗೆ ಏಕಿಲ್ಲ? ಫಿಕ್ಹ್ ಪಂಡಿತರು ಇದಕ್ಕಾಗಿಯೇ 'ಇಲ್ಲತ್' ಮತ್ತು 'ಹಿಕ್ಮತ್' ಎಂದು ಎರಡನ್ನು ಬೇರ್ಪಡಿಸಿದರು. ದಣಿವು ಕಳೆಯುವುದು ಹಿಕ್ಮತ್, ಅಂದರೆ ಉದ್ದೇಶ. ಆದರೆ ದಣಿವನ್ನು ಅಳೆಯುವುದು ಹೇಗೆ? ಆದ್ದರಿಂದ ಕಣ್ಣಿಗೆ ಕಾಣುವ ಪ್ರಯಾಣವನ್ನೇ ಇಲ್ಲತ್, ಅಂದರೆ ನಿಯಮ ಅಂಟಿಕೊಂಡಿರುವ ಗೂಟ, ಎಂದು ಹಿಡಿದರು. ಹಮಾಲಿಯ ವಿಷಯದಲ್ಲಿ ನಮ್ಮ ಮನಸ್ಸು ಇಂದಿಗೂ ಪೂರ್ತಿ ಸಮಾಧಾನಗೊಂಡಿಲ್ಲ, ಅದು ಬೇರೆ ಮಾತು. ಕಾರಣ ಎನ್ನುವುದು ಸಡಿಲ ಬಿಟ್ಟ ಹಗ್ಗವಲ್ಲ, ಅದಕ್ಕೂ ಒಂದು ಶಿಸ್ತಿದೆ ಎಂದು ಇದರಿಂದ ತಿಳಿಯುತ್ತದೆ. ಕಾರಣವನ್ನು ಅರೆಬರೆ ತಿಳಿದವನು ತಪ್ಪಿಸಿಕೊಳ್ಳುವ ಕಿಂಡಿ ಹುಡುಕುತ್ತಾನೆ. ಅದಕ್ಕೆ ಔಷಧ ಪೂರ್ತಿ ತಿಳಿಸುವುದೇ ಹೊರತು ಮುಚ್ಚಿಡುವುದಲ್ಲ. ಧಣಿಯೊಬ್ಬ ಆಳಿನ ವಿಧೇಯತೆ ಪರೀಕ್ಷಿಸಲು ಆ ಕಲ್ಲೆತ್ತು, ಈ ಮರ ಮುಟ್ಟು ಎಂದು ಸುಮ್ಮನೆ ಹೇಳಿದಂತೆ ಧರ್ಮದ ಆಜ್ಞೆಗಳೂ ಬರೀ ಪರೀಕ್ಷೆಗಳು ಎನ್ನುವವರನ್ನು ದೆಹಲಿಯ ಶಾಹ್ ವಲೀಉಲ್ಲಾಹ್ (1703-1762) ತಮ್ಮ 'ಹುಜ್ಜತುಲ್ಲಾಹಿಲ್ ಬಾಲಿಗಾ'ದ ಆರಂಭದಲ್ಲೇ ಖಂಡಿಸಿ, ಆಜ್ಞೆಗಳ ಹಿಂದಿನ ಉದ್ದೇಶಗಳನ್ನು ವಿವರಿಸಲು ಆ ಇಡೀ ಗ್ರಂಥವನ್ನು ಮೀಸಲಿಟ್ಟರು.

ಆದರೂ ನಾವು ಕಾರಣ ಕೇಳುವುದಿಲ್ಲ. ಸೋಮಾರಿತನ ಒಂದೇ ಇದಕ್ಕೆ ಕಾರಣವಲ್ಲವೆಂದು ಖಾಲಾರ ಆ ಮಾತಿನಿಂದ ನಮಗೆ ಹೊಳೆಯಿತು. ಕಾರಣ ಕೇಳಿದರೆ ನಮ್ಮ ಕಾಲು ತೋರಿಸಬೇಕಾಗುತ್ತದೆ. ಗುಳಿಗೆ ಏಕೆ ಎಂದು ಕೇಳಿದರೆ ವೈದ್ಯರು, ನೀವು ಏನು ತಿನ್ನುತ್ತೀರಿ, ಯಾವಾಗ ತಿನ್ನುತ್ತೀರಿ ಎಂದು ಕೇಳುತ್ತಾರೆ. ಬಡ್ಡಿ ಏಕೆ ಹರಾಮು ಎಂದು ಕೇಳಿದರೆ ಮೌಲಾನಾ, ನಿಮ್ಮ ಅಂಗಡಿಯ ಲೆಕ್ಕ ಹೇಗಿದೆ ಎಂದು ಕೇಳಬಹುದು. ಅದಕ್ಕಿಂತ ಹೌದು ಅಲ್ಲ ಎಂಬ ಉತ್ತರ ಸುಖ. ಅದರಲ್ಲಿ ಇನ್ನೊಂದು ಲಾಭವೂ ಇದೆ. "ಹಝ್ರತ್ ಹೇಳಿದ್ದಾರೆ, ಇನ್ನು ಗುನಾಹ್ ಸವಾಬ್ ಎಲ್ಲ ಅವರ ತಲೆಗೆ" ಎಂದು ಹೊರೆ ಇಳಿಸಿಬಿಡಬಹುದು. ನಾಳೆ ಕೆಟ್ಟರೆ ಬೈಯಲು ಒಬ್ಬರು ಸಿದ್ಧರಿರುತ್ತಾರೆ. ಆದರೆ ಜನರು ಏನೇ ಫತ್ವಾ ಕೊಟ್ಟರೂ ನಿನ್ನ ಹೃದಯವನ್ನು ಕೇಳಿಕೋ ಎಂದು ಪ್ರವಾದಿಯವರು ವಾಬಿಸಾ(ರ) ಅವರಿಗೆ ಹೇಳಿದ ಹದೀಸ್ ಇದೆ. ಆ ಹೊರೆಯನ್ನು ಬೇರೊಬ್ಬರ ತಲೆಗೆ ದಾಟಿಸಲು ಅಲ್ಲಿ ಅವಕಾಶ ಕಾಣುವುದಿಲ್ಲ.

ಹೇಳುವವರ ಕಷ್ಟವನ್ನೂ ನೋಡಬೇಕು. ಬಾಗಿಲ ಹೊರಗೆ ಟೋಕನ್ ಹಿಡಿದು ಜನ ಸಾಲುಗಟ್ಟಿರುವಾಗ ಪ್ರತಿಯೊಬ್ಬರಿಗೂ ಮೇದೋಜೀರಕ ಗ್ರಂಥಿಯ ಕತೆ ಹೇಳುತ್ತ ಕೂರಲು ಯಾವ ವೈದ್ಯರಿಗೂ ಆಗದು. ಮಗುವಿಗೆ ಜ್ವರ ನೆತ್ತಿಗೇರಿದಾಗ ಯಾವ ತಾಯಿಯೂ ಕಾರಣ ಕೇಳುತ್ತ ನಿಲ್ಲುವುದಿಲ್ಲ, ನಿಲ್ಲಬಾರದು. ಅಂದು ಆ ಶಿಕ್ಷಕಿಯೂ ಖಾಲಾರಿಗೆ ಪಾಠ ಮಾಡದೆ ಲೋಟವನ್ನು ಬಾಯಿಗಿಟ್ಟರು. ಪಾಠ ಮಾಡಿದ್ದು ಆಮೇಲೆ, ಮೂರು ದಿನ, ಕಾಂಪೌಂಡಿನ ಗೋಡೆಗೆ ಒರಗಿಕೊಂಡು. ಅವಸರದಲ್ಲಿ ಕೊಟ್ಟ ಸಲಹೆ ಒಂದು ಸಾಲದಂತೆ. ಬಿಡುವಾದಾಗ ಕಾರಣ ಹೇಳಿ ಅದನ್ನು ತೀರಿಸಬೇಕು.

ಮರುವರ್ಷ, 2019ರ ರಂಜಾನಿಗೆ ಒಂದು ತಿಂಗಳ ಮುಂಚೆ ಖಾಲಾ ತಾವಾಗಿಯೇ ಅದೇ ವೈದ್ಯರ ಬಳಿ ಹೋಗಿ, ರೋಜಾ ಹಿಡಿಯುವ ಮನಸ್ಸಿದೆ ಎಂದು ಮೊದಲೇ ಹೇಳಿದರು. ಅವರು ಬೇಡ ಎನ್ನಲಿಲ್ಲ. ಪರೀಕ್ಷೆಗಳನ್ನು ಮಾಡಿಸಿ ಗುಳಿಗೆ ಬದಲಿಸಿದರು, ಹೊತ್ತನ್ನು ಇಫ್ತಾರಿಗೆ ತಂದರು, ಏಕೆಂದೂ ಹೇಳಿದರು. ಹಗಲಲ್ಲಿ ಬೆರಳು ಚುಚ್ಚಿ ನೋಡಬೇಕು, 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ರೋಜಾ ಬಿಡಲೇಬೇಕು ಎಂದು ಷರತ್ತು ಹಾಕಿದರು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2016ರಲ್ಲಿ ಪ್ರಕಟಿಸಿ 2021ರಲ್ಲಿ ಪರಿಷ್ಕರಿಸಿದ ರಂಜಾನ್ ಮಾರ್ಗಸೂಚಿಯಲ್ಲೂ ಇದೇ ಸಂಖ್ಯೆಗಳಿವೆ.

ಬೆರಳು ಚುಚ್ಚುವ ಮಾತು ಬಂದದ್ದೇ ಖಾಲಾರಿಗೆ ಹೊಸ ಸಂದೇಹ. ಮಸೀದಿಯ ಯುವ ಮೌಲಾನಾರನ್ನು ಮನೆಗೆ ಕರೆಸಿದರು. ನಾವೂ ಇದ್ದೆವು.

"ರಕ್ತ ಬಂದರೆ ರೋಜಾ ಹೋಗುತ್ತಾ ಹಝ್ರತ್?"

"ಹೋಗುವುದಿಲ್ಲ ಅಮ್ಮಾಜಾನ್."

"ಯಾಕೆ?"

ಮೌಲಾನಾ ಒಂದು ಗಳಿಗೆ ನಮ್ಮ ಮುಖ ನೋಡಿದರು. ಆಮೇಲೆ, ರೋಜಾ ಮುರಿಯುವುದು ಬಾಯಿ ಮೂಗಿನಂಥ ದಾರಿಯಿಂದ ಹೊಟ್ಟೆಗೆ ಏನಾದರೂ ಇಳಿದಾಗ, ಇದು ಬೆರಳಿನಿಂದ ಹೊರಗೆ ಬರುವ ಒಂದು ತೊಟ್ಟು ತಾನೇ ಎಂದು ವಿವರಿಸಿದರು. ಖಾಲಾ ಸ್ವಲ್ಪ ಹೊತ್ತು ಯೋಚಿಸಿದರು.

"ಹಾಗಾದರೆ ಇನ್ಸುಲಿನ್ ಸೂಜಿ ಹಾಕಿಕೊಳ್ಳುವವರದ್ದೂ ಹೋಗುವುದಿಲ್ಲ. ಅದು ಚರ್ಮದ ಒಳಗೆ ಹೋಗುತ್ತೆ, ಹೊಟ್ಟೆಗಲ್ಲ."

"ಸರಿ ಅಮ್ಮಾಜಾನ್. ಬಹುಪಾಲು ಉಲಮಾಗಳು ಹಾಗೇ ಹೇಳುತ್ತಾರೆ" ಎಂದು ಮೌಲಾನಾ ನಕ್ಕರು.

"ಮತ್ತೆ ಗ್ಲೂಕೋಸ್ ಬಾಟಲಿ? ಅದೂ ಸೂಜಿಯಲ್ಲೇ ಹೋಗೋದು. ಆದರೆ ಅದರಲ್ಲಿ ಹೊಟ್ಟೆ ತುಂಬುತ್ತಲ್ಲ?"

ಎದ್ದು ಹೊರಡಲು ಟೋಪಿ ಸರಿಪಡಿಸಿಕೊಳ್ಳುತ್ತಿದ್ದ ಮೌಲಾನಾ, "ಅದರಲ್ಲಿ ಎರಡು ಅಭಿಪ್ರಾಯ ಇದೆ" ಎಂದರು.

"ಎರಡು ಯಾಕೆ?" ಎಂದರು ಖಾಲಾ. ಮೌಲಾನಾ ಮತ್ತೆ ಕುರ್ಚಿ ಎಳೆದುಕೊಂಡು ಕೂತರು. ಸೊಸೆ ಇನ್ನೊಂದು ಸಲ ಚಹಾಕ್ಕೆ ನೀರಿಟ್ಟಳು.